ಲಿವರ್‌ಪೂಲ್: ಒಂದು ಊರು, ಒಂದು ಆಟ, 97 ಸಾವು

ಇಂಗ್ಲೆಂಡಿನ ಲಿವರ್‌ಪೂಲ್ ಊರಿನಲ್ಲಿ ಇವತ್ತಿಗೂ ಎಷ್ಟೋ ಅಂಗಡಿಗಳಲ್ಲಿ 'ದಿ ಸನ್' ಅನ್ನೋ ದಿನಪತ್ರಿಕೆ ಸಿಗುವುದಿಲ್ಲ. ಸರ್ಕಾರ ನಿಷೇಧ ಹಾಕಿದ್ದಲ್ಲ, ಕೋರ್ಟು ತಡೆದದ್ದೂ ಅಲ್ಲ. 1989ರ ಏಪ್ರಿಲ್‌ನಲ್ಲಿ ಆ ಪತ್ರಿಕೆ ಈ ಊರಿನ ಸತ್ತ ಮಕ್ಕಳ ಬಗ್ಗೆ ಸುಳ್ಳು ಬರೆಯಿತು. ಜನ ಕೊಳ್ಳುವುದು ಬಿಟ್ಟರು, ಅಂಗಡಿಯವರು ಮಾರುವುದು ಬಿಟ್ಟರು. ಮೂವತ್ತೈದು ವರ್ಷ ದಾಟಿದರೂ ಆ ಸಿಟ್ಟು ಆರಿಲ್ಲ. ಆವಾಗ ಹುಟ್ಟಿಯೇ ಇರದ ಹುಡುಗರೂ ಆ ಪತ್ರಿಕೆ ಮುಟ್ಟುವುದಿಲ್ಲ. ಇದು ಹೇಗೆ ಸಾಧ್ಯವಾಯಿತು ಅಂತ ತಿಳಿಯಬೇಕಾದರೆ ಆ ಊರಿನ ಫುಟ್‌ಬಾಲಿನ ಕಥೆ ಗೊತ್ತಿರಬೇಕು. ಅದಕ್ಕಿಂತ ಮೊದಲು ಆ ಊರಿನ ಕಥೆ.

ನಮ್ಮ ಕೆಲವು ಗೆಳೆಯರಿಗೆ ಆಟ ಅಂದರೆ ತಾತ್ಸಾರ. ದುಡಿಯುವವರ ಸಿಟ್ಟನ್ನೆಲ್ಲ ಮೈದಾನದಲ್ಲಿ ಖರ್ಚು ಮಾಡಿಸಿ ತಣ್ಣಗೆ ಮನೆಗೆ ಕಳಿಸುವ ಹುನ್ನಾರ ಅದು ಅಂತ ಅವರು ಹೇಳುತ್ತಾರೆ. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಪೊಲೀಸರು, ಪತ್ರಿಕೆ, ನ್ಯಾಯಾಲಯ ಎಲ್ಲ ಕೂಡಿ ಒಂದು ಸುಳ್ಳನ್ನು ಚರಿತ್ರೆ ಮಾಡಲು ಹೊರಟಾಗ ಅದನ್ನು 27 ವರ್ಷ ಎದುರು ಹಾಕಿಕೊಂಡು ನಿಂತವರು ಯಾರು ಅಂತಲೂ ನೋಡಬೇಕು. ಕೆಂಪು ಮಫ್ಲರ್ ಸುತ್ತಿಕೊಂಡು ಆಟ ನೋಡಲು ಹೋಗುತ್ತಿದ್ದ ಹುಡುಗರ ಅವ್ವಂದಿರು, ಅಪ್ಪಂದಿರು, ಅಕ್ಕ ತಮ್ಮಂದಿರು.

ಲಿವರ್‌ಪೂಲ್ ಬೆಳೆದದ್ದು ಮನುಷ್ಯರನ್ನು ಮಾರಿ. 18ನೇ ಶತಮಾನದಲ್ಲಿ ಅಲ್ಲಿಂದ ಹೊರಟ ಹಡಗುಗಳು ಆಫ್ರಿಕಾದ ಕರಾವಳಿಗೆ ಹೋಗಿ, ಅಲ್ಲಿನ ಜನರನ್ನು ಸರಪಳಿ ಹಾಕಿ ತುಂಬಿಕೊಂಡು, ಅಮೆರಿಕಾದ ತೋಟಗಳಿಗೆ ಮಾರಿ ಬರುತ್ತಿದ್ದವು. ಸುಮಾರು 15 ಲಕ್ಷ ಜನರನ್ನು ಸಾಗಿಸಿದ್ದು ಈ ಒಂದು ಬಂದರಿನ ಹಡಗುಗಳು. 1807ರಲ್ಲಿ ಬ್ರಿಟನ್ ಗುಲಾಮ ವ್ಯಾಪಾರಕ್ಕೆ ಕಾನೂನಿನ ತಡೆ ಹಾಕಿದ ಮೇಲೆ ಆ ಬಂಡವಾಳ ಹತ್ತಿಗೆ ತಿರುಗಿತು. ಆ ಹತ್ತಿಯನ್ನೂ ಅಮೆರಿಕಾದ ಕರಿಯ ಗುಲಾಮರೇ ಬಿಡಿಸುತ್ತಿದ್ದರು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿ ನಿಂತಾಗ ಲಿವರ್‌ಪೂಲಿನ ದಲಾಲರ ಕಣ್ಣು ನಮ್ಮ ಧಾರವಾಡದ ಕರಿ ನೆಲದ ಮೇಲೆ ಬಿತ್ತು. ಕುಮಟೆಯ ಬಂದರಿನಿಂದ, ಮುಂಬಯಿಯಿಂದ ಹತ್ತಿ ಹೋಯಿತು. ಲಿವರ್‌ಪೂಲಿನ ಪೇಟೆ ಧಾರಣೆಯ ಪಟ್ಟಿಯಲ್ಲಿ 'ಧಾರವಾರ್' ಅನ್ನೋದು ಒಂದು ಬಗೆಯ ಹತ್ತಿಯ ಹೆಸರೇ ಆಗಿತ್ತು. ಬೆಳೆದವನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ, ಬಿಡಿ.

ಆ ಹತ್ತಿ, ಸಕ್ಕರೆ, ತಂಬಾಕು ಹೊತ್ತವರು ಧಕ್ಕೆಯ ಹಮಾಲರು. ಐರ್ಲೆಂಡಿನಲ್ಲಿ ಆಲೂಗೆಡ್ಡೆಯ ಬೆಳೆ ಕೊಳೆತು ಬರಗಾಲ ಬಿದ್ದಾಗ, 1847ರ ಒಂದೇ ವರ್ಷದಲ್ಲಿ ಸುಮಾರು 3 ಲಕ್ಷ ಜನ ಲಿವರ್‌ಪೂಲಿನಲ್ಲಿ ಬಂದಿಳಿದರು. ಬಹಳ ಮಂದಿ ಮುಂದೆ ಅಮೆರಿಕಾಕ್ಕೆ ಹೋದರು. ಹಡಗಿನ ಚಾರ್ಜು ಕೊಡಲು ಆಗದವರು ಅಲ್ಲೇ ನೆಲಮನೆಗಳಲ್ಲಿ ಉಳಿದು ಧಕ್ಕೆಯ ಕೂಲಿಗೆ ನಿಂತರು. ಕಾಯಂ ಕೆಲಸ ಅನ್ನೋದಿಲ್ಲ. ಅರ್ಧ ದಿನಕ್ಕೊಂದು ಸಲ ಕೂಲಿಕಾರರು ಒಂದು ಕಟಕಟೆಯೊಳಗೆ ಬಂದು ಗುಂಪಾಗಿ ನಿಲ್ಲಬೇಕು. ಮೇಸ್ತ್ರಿ ಬಂದು ತನಗೆ ಬೇಕಾದವನ ಹೆಗಲು ಮುಟ್ಟುತ್ತಾನೆ. ಮುಟ್ಟಿಸಿಕೊಂಡವನಿಗೆ ಆ ಹೊತ್ತಿನ ಅನ್ನ, ಉಳಿದವನಿಗೆ ಇಲ್ಲ. ಆ ಕಟಕಟೆಗೆ ಅವರು 'ಪೆನ್' ಅನ್ನುತ್ತಿದ್ದರು. ದನ ಕುರಿ ಕೂಡಿಹಾಕುವ ದೊಡ್ಡಿಗೆ ಇಂಗ್ಲಿಷಿನಲ್ಲಿ ಇರುವ ಹೆಸರೇ ಅದು. ಈ ಶಬ್ದ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಇಂಥ ಊರಿಗೆ ಫುಟ್‌ಬಾಲ್ ಬಂದದ್ದು ಚರ್ಚಿನ ಬಾಗಿಲಿಂದ. 1878ರಲ್ಲಿ ಸೇಂಟ್ ಡೊಮಿಂಗೊ ಅನ್ನುವ ಮೆಥಡಿಸ್ಟ್ ಚರ್ಚಿನ ಹುಡುಗರು ಕಟ್ಟಿದ ತಂಡ ಮಾರನೇ ವರ್ಷ 'ಎವರ್ಟನ್' ಎಂದು ಹೆಸರು ಬದಲಿಸಿಕೊಂಡು, 1884ರಿಂದ ಆನ್‌ಫೀಲ್ಡ್ ಅನ್ನೋ ಮೈದಾನದಲ್ಲಿ ಆಡುತ್ತಿತ್ತು. ಮೈದಾನದ ಹಿಡಿತ ಜಾನ್ ಹೌಲ್ಡಿಂಗ್ ಎಂಬ ಬಿಯರು ವ್ಯಾಪಾರಿಯ ಕೈಯಲ್ಲಿ. ಆತ ಬಾಡಿಗೆ ಏರಿಸಿದ. ಜಗಳ ಬಲಿತು 1892ರಲ್ಲಿ ಎವರ್ಟನ್ ತಂಡ ಗಂಟುಮೂಟೆ ಕಟ್ಟಿಕೊಂಡು ಹತ್ತಿರದ ಗುಡಿಸನ್ ಪಾರ್ಕಿಗೆ ಹೋಯಿತು. ಹೌಲ್ಡಿಂಗ್ ಹತ್ತಿರ ಮೈದಾನ ಉಂಟು, ಆಡುವವರಿಲ್ಲ! ಹಾಗೆ ಹುಟ್ಟಿದ್ದು ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬು. ಮೊದಲ ತಂಡಕ್ಕೆ ಹೆಚ್ಚಿನ ಆಟಗಾರರನ್ನು ಸ್ಕಾಟ್‌ಲೆಂಡಿನಿಂದ ಕರೆಸಿದರು. ಊರಿನ ಹೆಸರು ಹೊತ್ತ ತಂಡದಲ್ಲಿ ಊರಿನವರು ಕಡಿಮೆ, ಹುಟ್ಟಿಸಿದವನು ಲಾಭ ನಷ್ಟ ಎಣಿಸುವ ಸಾಹುಕಾರ. ಹಾಗಾದರೆ ಅದು ಊರಿನ ತಂಡ ಆದದ್ದು ಎಲ್ಲಿ? ಗೋಲು ಕಂಬದ ಹಿಂದೆ, ಆಗ್ಗದ ಟಿಕೆಟ್ಟಿನ ನಿಲ್ಲುವ ಜಾಗದಲ್ಲಿ.

ಆ ಜಾಗಕ್ಕೆ 'ಕಾಪ್' ಅಂತ ಹೆಸರು. 1900ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಸ್ಪಿಯಾನ್ ಕಾಪ್ ಅನ್ನುವ ಗುಡ್ಡದ ಮೇಲೆ ಬ್ರಿಟಿಷ್ ಸೈನಿಕರು ನೂರುಗಟ್ಟಲೆ ಸತ್ತರು. ಲಿವರ್‌ಪೂಲ್ ಸೀಮೆಯ ಬಡವರ ಮಕ್ಕಳು ಅವರಲ್ಲಿ ಬಹಳ. ಗಾಯಾಳುಗಳನ್ನು ಹೊತ್ತವರಲ್ಲಿ ಭಾರತೀಯರ ಒಂದು ದಳವೂ ಇತ್ತು, ಅದರ ಮುಂದಾಳು ಬ್ಯಾರಿಸ್ಟರ್ ಗಾಂಧಿ. 1906ರಲ್ಲಿ ಆನ್‌ಫೀಲ್ಡಿನಲ್ಲಿ ಬೂದಿ, ಮಣ್ಣು ಪೇರಿಸಿ ಎತ್ತರದ ಮೆಟ್ಟಿಲ ದಿಬ್ಬ ಕಟ್ಟಿದಾಗ ಒಬ್ಬ ಪತ್ರಿಕೆಯವನು ಆ ಗುಡ್ಡದ ಹೆಸರನ್ನೇ ಇಟ್ಟ. ಸಾಮ್ರಾಜ್ಯದ ಯುದ್ಧದಲ್ಲಿ ಸತ್ತ ಕೂಲಿಕಾರರ ಹೆಸರಿನ ಗುಡ್ಡದ ಮೇಲೆ ಬದುಕಿರುವ ಕೂಲಿಕಾರರು ನಿಂತರು. ಒಂದು ಕಾಲಕ್ಕೆ 28 ಸಾವಿರ ಜನ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಿದ್ದ ಜಾಗ ಅದು. ಧಕ್ಕೆಯಲ್ಲಿ ಹೆಗಲು ಮುಟ್ಟಲು ಮೇಸ್ತ್ರಿ ಬರಬೇಕಿತ್ತು. ಇಲ್ಲಿ ಪಕ್ಕದವನೇ ಮುಟ್ಟುತ್ತಿದ್ದ.

1959ರಲ್ಲಿ ಈ ತಂಡಕ್ಕೆ ಮ್ಯಾನೇಜರ್ ಆಗಿ ಬಂದವನು ಬಿಲ್ ಶ್ಯಾಂಕ್ಲಿ. ಸ್ಕಾಟ್‌ಲೆಂಡಿನ ಗ್ಲೆನ್‌ಬಕ್ ಎಂಬ ಗಣಿ ಹಳ್ಳಿಯವನು, ಹುಡುಗನಾಗಿದ್ದಾಗ ಕಲ್ಲಿದ್ದಲ ಗಣಿಯಲ್ಲಿ ದುಡಿದವನು. ಎಲ್ಲರೂ ಒಬ್ಬರಿಗೊಬ್ಬರು ದುಡಿಯುವುದು, ಬಂದದ್ದರಲ್ಲಿ ಎಲ್ಲರೂ ಪಾಲು ಪಡೆಯುವುದು, ತನ್ನ ಸಮಾಜವಾದ ಇಷ್ಟೇ ಅಂತ ಆತ ಹೇಳುತ್ತಿದ್ದ. ಎರಡನೇ ದರ್ಜೆಯಲ್ಲಿ ಕೊಳೆಯುತ್ತಿದ್ದ ತಂಡವನ್ನು 1974ರಲ್ಲಿ ಆತ ಬಿಟ್ಟುಹೋಗುವಷ್ಟರಲ್ಲಿ ದೇಶದ ದೊಡ್ಡ ತಂಡಗಳಲ್ಲಿ ಒಂದನ್ನಾಗಿ ಮಾಡಿದ್ದ. 1963ರಲ್ಲಿ ಆ ಊರಿನದೇ ಒಂದು ವಾದ್ಯತಂಡ ಹಾಡಿದ 'ಯೂ ವಿಲ್ ನೆವರ್ ವಾಕ್ ಅಲೋನ್' ಎಂಬ ಹಳೆಯ ಅಮೆರಿಕನ್ ನಾಟಕದ ಹಾಡನ್ನು ಕಾಪ್ ತನ್ನದು ಮಾಡಿಕೊಂಡಿತು. ನೀನು ಒಂಟಿಯಾಗಿ ನಡೆಯಬೇಕಾಗಿಲ್ಲ ಅನ್ನೋದು ಹೆಸರಿನ ಅರ್ಥ.

ಇಲ್ಲಿಗೆ ನಿಲ್ಲಿಸಿ ಶ್ರಮಜೀವಿಗಳ ಒಗ್ಗಟ್ಟಿಗೆ ಜೈ ಅಂದುಬಿಟ್ಟರೆ ಅರ್ಧ ಕಥೆ ಹೇಳಿದ ಹಾಗೆ. ಒಂಟಿಯಾಗಿ ನಡೆದವರೂ ಆ ಊರಿನಲ್ಲಿ ಇದ್ದರು. ಗುಲಾಮ ಹಡಗುಗಳ ಊರಿನಲ್ಲಿ ಕರಿಯರ ಕೇರಿ ಇಂದು ನಿನ್ನೆಯದಲ್ಲ, ಯುರೋಪಿನಲ್ಲೇ ಬಹಳ ಹಳೆಯದು. ಆದರೂ 1892ರಿಂದ 1980ರವರೆಗೆ, 88 ವರ್ಷ, ಲಿವರ್‌ಪೂಲ್ ತಂಡದ ಪರವಾಗಿ ಒಬ್ಬ ಕರಿಯನೂ ಆಡಲಿಲ್ಲ. ಮೊದಲು ಆಡಿದವನು ಟಾಕ್ಸ್‌ಟೆತ್ ಕೇರಿಯಲ್ಲಿ ಹುಟ್ಟಿದ ಹೋವರ್ಡ್ ಗೇಲ್. 1981ರ ಏಪ್ರಿಲ್‌ನಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್ ತಂಡದ ಎದುರು ಯುರೋಪಿಯನ್ ಕಪ್ಪಿನ ಸೆಮಿಫೈನಲಿನಲ್ಲಿ ಬದಲಿ ಆಟಗಾರನಾಗಿ ಬಂದು ಎದುರಾಳಿಗಳನ್ನು ಓಡಾಡಿಸಿಬಿಟ್ಟ. ಗೋರಾ ಪ್ರೇಕ್ಷಕರು ಮಂಗನ ಕೂಗು ಹಾಕುತ್ತಿದ್ದರು. ಅದೇ ವರ್ಷದ ಜುಲೈನಲ್ಲಿ ಅವನ ಕೇರಿ ಹೊತ್ತಿ ಉರಿಯಿತು. ಪೊಲೀಸರು ಬೀದಿಯಲ್ಲಿ ಕರಿಯ ಹುಡುಗರನ್ನು ಹಿಡಿದು ಹಿಡಿದು ತಪಾಸಣೆ ಮಾಡುತ್ತಿದ್ದದ್ದು ಅದಕ್ಕೆ ಕಾರಣ. ಬ್ರಿಟನ್ನಿನ ಮುಖ್ಯ ನೆಲದಲ್ಲಿ ಗಲಭೆ ಹತ್ತಿಕ್ಕಲು ಪೊಲೀಸರು ಸಿ.ಎಸ್. ಅಶ್ರುವಾಯು ಹೊಡೆದದ್ದು ಅದೇ ಮೊದಲು. ಆಮೇಲೆ 1987ರಲ್ಲಿ ಜಾನ್ ಬಾರ್ನ್ಸ್ ಬಂದ. 1988ರಲ್ಲಿ ಗುಡಿಸನ್ ಪಾರ್ಕಿನಲ್ಲಿ ಎವರ್ಟನ್ ಬೆಂಬಲಿಗರು ಅವನ ಕಾಲ ಬುಡಕ್ಕೆ ಬಾಳೆಹಣ್ಣು ಎಸೆದರು. ಅವನು ಅದನ್ನು ಹಿಮ್ಮಡಿಯಿಂದ ಒದ್ದು ಆಟ ಮುಂದುವರಿಸಿದ. ಎಸೆದವರೂ ಧಕ್ಕೆಯ ಮಕ್ಕಳೇ, ಅದನ್ನು ಮರೆಯಬಾರದು. ವರ್ಗ ಒಂದಾದರೆ ಸಾಕು ವರ್ಣ ತಾನಾಗಿ ಕರಗುತ್ತದೆ ಅನ್ನುವವರು ನಮ್ಮಲ್ಲೂ ಇದ್ದಾರಲ್ಲ, ಅವರು ಒಮ್ಮೆ ಈ ಬಾಳೆಹಣ್ಣನ್ನು ನೆನಪು ಮಾಡಿಕೊಳ್ಳಲಿ. ಗೇಲ್‌ಗೆ 2016ರಲ್ಲಿ ಬ್ರಿಟಿಷ್ ಸರ್ಕಾರ ಎಂ.ಬಿ.ಇ. ಬಿರುದು ಕೊಡಲು ಬಂತು. ಅದರ ಹೆಸರಿನಲ್ಲೇ 'ಸಾಮ್ರಾಜ್ಯ' ಇದೆ. ಆ ಸಾಮ್ರಾಜ್ಯದ ಕೈಯಲ್ಲಿ ನರಳಿದ ತನ್ನ ಪೂರ್ವಿಕರಿಗೆ ದ್ರೋಹವಾಗುತ್ತದೆ ಅಂತ ಆತ ಬೇಡ ಅಂದ.

ಇನ್ನೊಂದು ಕಲೆಯೂ ಇದೆ. 1985ರ ಮೇ 29ರಂದು ಬ್ರಸೆಲ್ಸಿನ ಹೇಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲಿನ ಬೆಂಬಲಿಗರು ಇಟಲಿಯ ಯುವೆಂಟಸ್ ತಂಡದ ಬೆಂಬಲಿಗರ ಮೇಲೆ ನುಗ್ಗಿದರು. ಹೆದರಿ ಹಿಂದೆ ಸರಿದವರ ಮೇಲೆ ಗೋಡೆ ಕುಸಿದು, ತುಳಿತವಾಗಿ 39 ಜನ ಸತ್ತರು. 14 ಜನ ಲಿವರ್‌ಪೂಲಿನ ಬೆಂಬಲಿಗರಿಗೆ ಶಿಕ್ಷೆಯಾಯಿತು, ಇಂಗ್ಲೆಂಡಿನ ತಂಡಗಳನ್ನು ಯುರೋಪಿನ ಪಂದ್ಯಗಳಿಂದ ಹೊರಗಿಟ್ಟರು. ಈ ಪಾಪವನ್ನು ಮುಚ್ಚಿಡುವುದು ಬೇಕಿಲ್ಲ. ಆದರೆ ಇದನ್ನೇ ಹಿಡಿದುಕೊಂಡು, ಫುಟ್‌ಬಾಲ್ ನೋಡುವ ಬಡವನೆಂದರೆ ಬೇಲಿ ಹಾಕಿ ಕೂಡಿಡಬೇಕಾದ ಪ್ರಾಣಿ ಎಂದು ಥ್ಯಾಚರ್ ಸರ್ಕಾರ ತೀರ್ಮಾನಿಸಿತು.

ಆ ಸರ್ಕಾರಕ್ಕೆ ಲಿವರ್‌ಪೂಲ್ ಮೊದಲೇ ಕಣ್ಣುಕಿಸುರು. ಕಂಟೇನರ್ ಹಡಗುಗಳು ಬಂದು ನೂರು ಹಮಾಲರ ಕೆಲಸವನ್ನು ಒಂದು ಕ್ರೇನು ನುಂಗಿತ್ತು. 1981ರಲ್ಲಿ ಟೇಟ್ ಅಂಡ್ ಲೈಲ್ ಸಕ್ಕರೆ ಕಾರ್ಖಾನೆ ಮುಚ್ಚಿತು. ಟಾಕ್ಸ್‌ಟೆತ್ ಗಲಭೆಯ ನಂತರ ಹಣಕಾಸು ಮಂತ್ರಿ ಜೆಫ್ರಿ ಹೌ ಪ್ರಧಾನಿಗೆ ಬರೆದ ಕಾಗದದಲ್ಲಿ, ಆ ಊರಿಗೆ ದುಡ್ಡು ಸುರಿಯುವ ಬದಲು ನಿಧಾನವಾಗಿ ಇಳಿದುಹೋಗಲು ಬಿಡುವ ದಾರಿಯನ್ನೂ ಮರೆಯಬಾರದು ಅನ್ನುವ ಅರ್ಥದ ಮಾತು ಇತ್ತು. ಮೂವತ್ತು ವರ್ಷ ಬಚ್ಚಿಟ್ಟ ಆ ಕಾಗದ ಹೊರಬಂದದ್ದು 2011ರ ಡಿಸೆಂಬರ್ ಕೊನೆಗೆ. ಒಂದು ಊರನ್ನೇ ಸಾಯಲು ಬಿಡುವ ವಿಚಾರ ಕಚೇರಿಯ ಕಾಗದದ ಮೇಲೆ ಎಷ್ಟು ಸಭ್ಯವಾಗಿ ಕೂತಿರುತ್ತದೆ ನೋಡಿ. ಊರಿನವರಿಗೆ ಈ ಕಾಗದ ನೋಡುವ ಅಗತ್ಯವೇನೂ ಇರಲಿಲ್ಲ. ಕೆಲಸ ಹೋಯಿತು, ಮನೆ ಬಿದ್ದವು, ಉಳಿದದ್ದು ಆಟ. ಎವರ್ಟನ್ನಿನ ನೀಲಿ, ಲಿವರ್‌ಪೂಲಿನ ಕೆಂಪು ಒಂದೇ ಮನೆಯಲ್ಲಿ ಅಣ್ಣನ ಮೈಮೇಲೊಂದು, ತಮ್ಮನ ಮೈಮೇಲೊಂದು. ಎಂಬತ್ತರ ದಶಕದಲ್ಲಿ ದೇಶದ ಚಾಂಪಿಯನ್ ಪಟ್ಟ ಬಹುಪಾಲು ವರ್ಷ ಈ ಎರಡು ತಂಡಗಳಲ್ಲಿ ಒಂದರ ಪಾಲಾಯಿತು. ದಿವಾಳಿ ಎದ್ದ ಊರಿನ ಎರಡು ತಂಡಗಳು ಹೀಗೆ ಲಂಡನ್ನನ್ನು ಸೋಲಿಸುತ್ತಿದ್ದವು.

ಈಗ 1989ರ ಏಪ್ರಿಲ್ 15, ಶನಿವಾರ. ಶೆಫೀಲ್ಡ್ ಊರಿನ ಹಿಲ್ಸ್‌ಬರೋ ಕ್ರೀಡಾಂಗಣ. ಲಿವರ್‌ಪೂಲಿಗೂ ನಾಟಿಂಗ್‌ಹ್ಯಾಮ್ ಫಾರೆಸ್ಟಿಗೂ ಎಫ್.ಎ. ಕಪ್ಪಿನ ಸೆಮಿಫೈನಲ್. ಲಿವರ್‌ಪೂಲಿನವರಿಗೆ ಕೊಟ್ಟ ಲೆಪಿಂಗ್ಸ್ ಲೇನ್ ಕಡೆಯಲ್ಲಿ ನಿಂತು ನೋಡುವ 10,100 ಜನಕ್ಕೆ ಇದ್ದ ತಿರುಗುಬಾಗಿಲುಗಳು ಏಳು. ಒಳಗೆ ನಿಲ್ಲುವ ಜಾಗವನ್ನು ಕಬ್ಬಿಣದ ಬೇಲಿಯಿಂದ ಭಾಗ ಮಾಡಿದ್ದರು. ಆ ಭಾಗಗಳಿಗೆ ಹೆಸರು 'ಪೆನ್'. ಅಪ್ಪನನ್ನು ಧಕ್ಕೆಯ ದೊಡ್ಡಿಯಲ್ಲಿ ನಿಲ್ಲಿಸಿದ್ದರು, ಮಗನನ್ನು ಆಟದ ದೊಡ್ಡಿಯಲ್ಲಿ. 1981ರಲ್ಲೇ ಇದೇ ಕಡೆ ನೂಕುನುಗ್ಗಲಾಗಿ 38 ಜನಕ್ಕೆ ಗಾಯವಾಗಿತ್ತು. ಮೈದಾನದ ಸುರಕ್ಷಾ ಪ್ರಮಾಣಪತ್ರ 1979ರದ್ದು, ಆಮೇಲೆ ಯಾರೂ ತಿದ್ದಿರಲಿಲ್ಲ. ಪೊಲೀಸ್ ಬಂದೋಬಸ್ತಿನ ಮುಖ್ಯಸ್ಥ ಡೇವಿಡ್ ಡಕನ್‌ಫೀಲ್ಡ್ ಆ ಹುದ್ದೆಗೆ ಬಂದು ಮೂರು ವಾರವೂ ಆಗಿರಲಿಲ್ಲ.

ಹೊರಗೆ ಜನ ಸಾವಿರಗಟ್ಟಲೆ ಕೂಡಿ ಉಸಿರುಕಟ್ಟಿತು. 2 ಗಂಟೆ 52 ನಿಮಿಷಕ್ಕೆ ಆತ 'ಸಿ' ಗೇಟು ತೆಗೆಯಲು ಅಪ್ಪಣೆ ಕೊಟ್ಟ. ಎರಡು ಸಾವಿರದಷ್ಟು ಜನ ಒಳಗೆ ಬಂದರು. ಎದುರಿಗೇ ಒಂದು ಸುರಂಗದಾರಿ. ಅದು ಹೋಗುವುದು ಆಗಲೇ ತುಂಬಿ ತುಳುಕುತ್ತಿದ್ದ ನಡುವಿನ ಎರಡು ಪೆನ್ನುಗಳಿಗೆ. ಪಕ್ಕದ ಪೆನ್ನುಗಳಲ್ಲಿ ಜಾಗ ಇತ್ತು. ಸುರಂಗ ಮುಚ್ಚಿ ಪಕ್ಕಕ್ಕೆ ಕಳಿಸಲು ಒಬ್ಬ ಪೇದೆಯನ್ನು ನಿಲ್ಲಿಸಿದ್ದರೂ ಸಾಕಿತ್ತು, ನಿಲ್ಲಿಸಲಿಲ್ಲ. ಮುಂದಿನ ಬೇಲಿಗೆ ಒತ್ತಿ ನಿಂತಲ್ಲೇ ಜನ ಸತ್ತರು. ಬೇಲಿ ಹತ್ತಿದವರನ್ನು ಪೊಲೀಸರು ಮೊದಮೊದಲು ಮೈದಾನಕ್ಕೆ ನುಗ್ಗುವ ಪುಂಡರೆಂದು ವಾಪಸ್ಸು ತಳ್ಳಿದರು. ಜಾಹೀರಾತಿನ ಹಲಗೆಗಳನ್ನು ಕಿತ್ತು ಸ್ಟ್ರೆಚರ್ ಮಾಡಿಕೊಂಡು ಗಾಯಾಳುಗಳನ್ನು ಹೊತ್ತವರು ಪ್ರೇಕ್ಷಕರೇ. ಸತ್ತವರಲ್ಲಿ ಚಿಕ್ಕವನಿಗೆ ಹತ್ತು ವರ್ಷ. ಜಿಮ್ನೇಷಿಯಂ ನೆಲದ ಮೇಲೆ ಹೆಣಗಳನ್ನು ಸಾಲಾಗಿ ಮಲಗಿಸಿದರು. ರಾತ್ರಿ ಬಂದ ತಂದೆ ತಾಯಿಗೆ ಫೋಟೋಗಳ ಹಲಗೆ ತೋರಿಸಿ ಗುರುತು ಹಿಡಿಯಲು ಹೇಳಿದರು. ಗುರುತು ಹಿಡಿದವರನ್ನು ಅಲ್ಲೇ ಕೂರಿಸಿ, ನಿಮ್ಮ ಮಗ ಎಷ್ಟು ಕುಡಿದಿದ್ದ ಅಂತ ಕೇಳಿದರು. ಸತ್ತವರ ರಕ್ತದಲ್ಲಿ ಹೆಂಡ ಇದೆಯಾ ಅಂತ ಪರೀಕ್ಷೆ ಮಾಡಿಸಿದರು. ಮಕ್ಕಳ ರಕ್ತವನ್ನೂ ಬಿಡಲಿಲ್ಲ.

ಯಾಕೆಂದರೆ ಸುಳ್ಳು ಆಗಲೇ ಹೊರಟಾಗಿತ್ತು. ಮೈದಾನದಲ್ಲಿ ಜನ ಸಾಯುತ್ತಿರುವಾಗಲೇ ಡಕನ್‌ಫೀಲ್ಡ್ ಫುಟ್‌ಬಾಲ್ ಸಂಸ್ಥೆಯ ಅಧಿಕಾರಿಗಳಿಗೆ, ಗೇಟನ್ನು ಪ್ರೇಕ್ಷಕರೇ ಬಲವಂತವಾಗಿ ಮುರಿದು ನುಗ್ಗಿದರು ಎಂದು ಹೇಳಿದ. ನಾಲ್ಕು ದಿನಕ್ಕೆ, ಏಪ್ರಿಲ್ 19ರಂದು, 'ಸನ್' ಪತ್ರಿಕೆ ಮುಖಪುಟದಲ್ಲಿ 'ಸತ್ಯ' ಅಂತ ದಪ್ಪ ಅಕ್ಷರದಲ್ಲಿ ಹಾಕಿ, ಲಿವರ್‌ಪೂಲಿನವರು ಹೆಣಗಳ ಜೇಬು ಕತ್ತರಿಸಿದರು, ರಕ್ಷಣೆಗೆ ಬಂದ ಪೊಲೀಸರ ಮೇಲೆ ಉಚ್ಚೆ ಹೊಯ್ದರು ಅಂತ ಅಚ್ಚು ಹಾಕಿತು. ಸುದ್ದಿಯ ಮೂಲ ಪೊಲೀಸರು ಮತ್ತು ಶೆಫೀಲ್ಡಿನ ಆಳುವ ಪಕ್ಷದ ಒಬ್ಬ ಸಂಸತ್ ಸದಸ್ಯ. ಊರಿನ ಹೊರವಲಯದ ಕರ್ಕ್‌ಬಿಯಲ್ಲಿ ಹೆಂಗಸರು ಪತ್ರಿಕೆಯ ಪ್ರತಿಗಳನ್ನು ಬೀದಿಯಲ್ಲಿ ಸುಟ್ಟರು. ಮೊದಲು ಹೇಳಿದ ಬಹಿಷ್ಕಾರ ಶುರುವಾದದ್ದು ಹೀಗೆ. ಅದೇ ವಾರ ಆನ್‌ಫೀಲ್ಡಿನ ಹುಲ್ಲಿನ ಮೇಲೆ ಹೂವು ತುಂಬಿಹೋಯಿತು. ಎವರ್ಟನ್ನಿನ ಗುಡಿಸನ್ ಪಾರ್ಕಿನಿಂದ ಸ್ಟ್ಯಾನ್ಲಿ ಪಾರ್ಕ್ ದಾಟಿ ಆನ್‌ಫೀಲ್ಡಿನವರೆಗೆ ಕೆಂಪು, ನೀಲಿ ಮಫ್ಲರ್‌ಗಳನ್ನು ಒಂದಕ್ಕೊಂದು ಗಂಟು ಹಾಕಿ ಕಟ್ಟಿದರು. ವರ್ಷದ ಹಿಂದೆ ಬಾಳೆಹಣ್ಣು ಬಿದ್ದ ಊರೂ ಇದೇ.

1989ರ ಆಗಸ್ಟಿನಲ್ಲೇ ನ್ಯಾಯಮೂರ್ತಿ ಟೇಲರ್ ತಮ್ಮ ಮಧ್ಯಂತರ ವರದಿಯಲ್ಲಿ ಪೊಲೀಸರ ನಿಯಂತ್ರಣ ಕೆಟ್ಟದ್ದೇ ಮುಖ್ಯ ಕಾರಣ ಎಂದು ಬರೆದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ 1991ರಲ್ಲಿ ಶವವಿಚಾರಣೆಯ ಜ್ಯೂರಿ 'ಆಕಸ್ಮಿಕ ಸಾವು' ಎಂದು ತೀರ್ಪು ಕೊಟ್ಟಿತು. ಆ ವಿಚಾರಣೆಯಲ್ಲಿ ಕರೋನರ್ 3 ಗಂಟೆ 15 ನಿಮಿಷದ ನಂತರ ನಡೆದದ್ದು ಯಾವುದನ್ನೂ ಕೇಳಲು ಒಪ್ಪಲಿಲ್ಲ. ಅಷ್ಟರಲ್ಲಿ ಎಲ್ಲರೂ ಉಳಿಯಲಾರದ ಸ್ಥಿತಿಗೆ ಹೋಗಿದ್ದರಂತೆ. ಆನ್ ವಿಲಿಯಮ್ಸ್ ಎಂಬ ತಾಯಿ ತನ್ನ 15 ವರ್ಷದ ಮಗ ಆ ಹೊತ್ತಿನ ಮೇಲೂ ಬದುಕಿದ್ದ ಅನ್ನುವುದಕ್ಕೆ ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಹುಡುಕಿ ತಂದಳು. ಆಕೆಯ ಅರ್ಜಿಗಳು ಮೂರು ಸಲ ವಜಾ ಆದವು. ಅಷ್ಟರಲ್ಲಿ ಊರಿಗೆ ಇನ್ನೊಂದು ಬೈಗುಳ ಅಂಟಿತು: ಗೋಳುಬುರುಕರ ಊರು. 2004ರಲ್ಲಿ ಬೋರಿಸ್ ಜಾನ್ಸನ್ ಸಂಪಾದಕತ್ವದ 'ಸ್ಪೆಕ್ಟೇಟರ್' ವಾರಪತ್ರಿಕೆ ಹಾಗಂತ ಸಂಪಾದಕೀಯ ಬರೆದು, ಕೊನೆಗೆ ಆತ ಊರಿಗೇ ಹೋಗಿ ಕ್ಷಮೆ ಕೇಳಬೇಕಾಯಿತು. ಎಷ್ಟು ದಿನ ಅಂತ ಹಳೇ ಗಾಯ ಕೆರೀತೀರಿ, ಮುಂದಕ್ಕೆ ನಡೀರಿ ಅನ್ನುವ ಈ ಬುದ್ಧಿವಾದ ನಮಗೇನು ಹೊಸದೆ? ಕಂಬಾಲಪಲ್ಲಿಯಲ್ಲಿ 2000ದಲ್ಲಿ ಏಳು ದಲಿತರನ್ನು ಸುಟ್ಟರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಅದನ್ನು ನೆನಪು ಮಾಡಿದರೂ ಇದೇ ಬುದ್ಧಿವಾದ.

2009ರ ಏಪ್ರಿಲ್ 15ಕ್ಕೆ ಇಪ್ಪತ್ತು ವರ್ಷ. ಆನ್‌ಫೀಲ್ಡಿನಲ್ಲಿ ಸ್ಮರಣೆಗೆ ಸೇರಿದ್ದ ಜನಸಾಗರದ ಮುಂದೆ ಮಂತ್ರಿ ಆಂಡಿ ಬರ್ನ್‌ಹ್ಯಾಮ್ ಮಾತಾಡಲು ನಿಂತ. ಆತನೂ ಆ ಊರಿನಲ್ಲೇ ಹುಟ್ಟಿದವನು, ಎವರ್ಟನ್ ಬೆಂಬಲಿಗ. ಕಾಪ್‌ನಿಂದ ಒಂದು ಕೂಗು ಎದ್ದಿತು, ನ್ಯಾಯ ಬೇಕು ಅಂತ. ಇಡೀ ಮೈದಾನ ಅದನ್ನು ಎತ್ತಿಕೊಂಡು ಮಂತ್ರಿಯ ಮಾತು ನಿಲ್ಲಿಸಿತು. ಆ ಕೂಗಿನ ಫಲವಾಗಿ ಸ್ವತಂತ್ರ ಸಮಿತಿಯೊಂದು ನೇಮಕವಾಯಿತು. ಅದು ನಾಲ್ಕೂವರೆ ಲಕ್ಷ ಪುಟ ದಾಖಲೆ ಓದಿ 2012ರ ಸೆಪ್ಟೆಂಬರ್ 12ರಂದು ವರದಿ ಕೊಟ್ಟಿತು. ಪೊಲೀಸರ 164 ಹೇಳಿಕೆಗಳನ್ನು ತಿದ್ದಲಾಗಿತ್ತು. ಅದರಲ್ಲಿ 116 ಹೇಳಿಕೆಗಳಿಂದ ಪೊಲೀಸರಿಗೆ ಪ್ರತಿಕೂಲವಾದ ಮಾತು ತೆಗೆದಿದ್ದರು. ಸರಿಯಾದ ಚಿಕಿತ್ಸೆ ಸಿಕ್ಕಿದ್ದರೆ 41 ಜನ ಉಳಿಯುವ ಸಾಧ್ಯತೆ ಇತ್ತು. ಹಳೆಯ ತೀರ್ಪು ಆ ವರ್ಷದ ಡಿಸೆಂಬರಿನಲ್ಲಿ ರದ್ದಾಯಿತು. ಆನ್ ವಿಲಿಯಮ್ಸ್ ಅಷ್ಟನ್ನು ಕಂಡು 2013ರ ಏಪ್ರಿಲ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಳು. ಹೊಸ ವಿಚಾರಣೆಯಲ್ಲಿ, 2015ರಲ್ಲಿ, ಡಕನ್‌ಫೀಲ್ಡ್ ತಾನು ಗೇಟಿನ ಬಗ್ಗೆ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡ. 2016ರ ಏಪ್ರಿಲ್ 26ರಂದು ಜ್ಯೂರಿ ಹೇಳಿತು: ಇವು ಕಾನೂನುಬಾಹಿರ ಹತ್ಯೆಗಳು, ಪ್ರೇಕ್ಷಕರದ್ದು ಏನೂ ತಪ್ಪಿಲ್ಲ. ಹೊರಗೆ ಬಂದ ಮನೆಯವರು ಕೋರ್ಟಿನ ಮುಂದೆ ಆ ಹಾಡನ್ನೇ ಹಾಡಿದರು.

ಶಿಕ್ಷೆ ಯಾರಿಗಾಯಿತು ಅಂತ ಕೇಳುತ್ತೀರಾ? ಡಕನ್‌ಫೀಲ್ಡ್ 2019ರಲ್ಲಿ ನಿರ್ದೋಷಿ. ಹೇಳಿಕೆ ತಿದ್ದಿದ ಆರೋಪ ಹೊತ್ತ ಇಬ್ಬರು ಮಾಜಿ ಪೊಲೀಸ್ ಅಧಿಕಾರಿಗಳು ಮತ್ತು ಒಬ್ಬ ವಕೀಲನ ಮೇಲಿನ ಮೊಕದ್ದಮೆ 2021ರಲ್ಲಿ ಬಿತ್ತು. ಟೇಲರ್ ವಿಚಾರಣೆ ಕಾನೂನಿನ ಕಣ್ಣಲ್ಲಿ ನ್ಯಾಯಾಲಯದ ನಡಾವಳಿ ಅಲ್ಲವಂತೆ! ಸುರಕ್ಷಾ ಲೋಪಕ್ಕಾಗಿ ಶೆಫೀಲ್ಡ್ ಕ್ಲಬ್ಬಿನ ಆಗಿನ ಕಾರ್ಯದರ್ಶಿಗೆ 6,500 ಪೌಂಡ್ ದಂಡ ಬಿತ್ತು. ಅಷ್ಟೇ. ಮೆದುಳಿಗೆ ಪೆಟ್ಟಾಗಿ 32 ವರ್ಷ ನರಳಿದ ಒಬ್ಬ ಅಭಿಮಾನಿ 2021ರಲ್ಲಿ ತೀರಿಕೊಂಡಾಗ 96 ಇದ್ದದ್ದು 97 ಆಯಿತು. ಅಧಿಕಾರಿಗಳು ಸುಳ್ಳು ಹೇಳದೆ ಸತ್ಯಕ್ಕೆ ಬದ್ಧರಾಗಿರಬೇಕು ಎಂಬ ಕಾನೂನಿಗಾಗಿ ಈ ಮನೆಯವರು ಹೋರಾಡಿದರು. ಅದರ ಮಸೂದೆ ಬ್ರಿಟನ್ ಸಂಸತ್ತಿನಲ್ಲಿ ಮಂಡನೆಯಾದದ್ದು 2025ರ ಸೆಪ್ಟೆಂಬರಿನಲ್ಲಿ. ಅದೇ ವರ್ಷದ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಮುಂದೆ ತಮ್ಮ ಊರಿನ ತಂಡ ಗೆದ್ದ ಖುಷಿಗೆ ಬಂದ 11 ಮಂದಿ ನೂಕುನುಗ್ಗಲಿನಲ್ಲಿ ಸತ್ತರು. ಅಷ್ಟು ಜನ ಯಾಕೆ ಹೋಗಬೇಕಿತ್ತು ಅನ್ನುವ ಪ್ರಶ್ನೆ ಮೊದಲು ಎದ್ದಿತು, ಗೇಟಿನ ಲೆಕ್ಕ ಆಮೇಲೆ.

ಊರಿಗೂ ತಂಡಕ್ಕೂ ಇರುವ ನಂಟು ಅಂದರೆ ಮಾಲೀಕರ ಜೊತೆಗಿನ ನಂಟಲ್ಲ, ಇದನ್ನು ಲಿವರ್‌ಪೂಲಿನವರು ಚೆನ್ನಾಗಿ ಬಲ್ಲರು. 1995ರಲ್ಲಿ ಬೇರೆ ಕೂಲಿಕಾರರ ಧರಣಿ ದಾಟಿ ಹೋಗಲು ಒಪ್ಪದ ಸುಮಾರು 500 ಹಮಾಲರನ್ನು ಬಂದರಿನ ಕಂಪನಿ ಕೆಲಸದಿಂದ ತೆಗೆಯಿತು. 1997ರಲ್ಲಿ ತಂಡದ ರಾಬಿ ಫೌಲರ್ ಗೋಲು ಹೊಡೆದು ಅಂಗಿ ಎತ್ತಿದರೆ ಒಳಗೆ ಆ ಹಮಾಲರ ಪರವಾದ ಬನಿಯನ್ನು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಅವನಿಗೆ ದಂಡ ಹಾಕಿತು. ಮೈದಾನ ದೊಡ್ಡದು ಮಾಡಲು ಕ್ಲಬ್ಬು ಪಕ್ಕದ ಲೋಥೇರ್ ರಸ್ತೆಯ ಮನೆಗಳನ್ನು ಸದ್ದಿಲ್ಲದೆ ಕೊಂಡು ಖಾಲಿ ಬಿಟ್ಟು, ಇಡೀ ಬೀದಿ ಪಾಳು ಬಿದ್ದದ್ದನ್ನು 2013ರಲ್ಲಿ ಪತ್ರಿಕೆಗಳು ಬರೆದವು. 2016ರಲ್ಲಿ ಟಿಕೆಟ್ ಬೆಲೆಯನ್ನು 77 ಪೌಂಡಿಗೆ ಏರಿಸಲು ಹೊರಟಾಗ ಸುಮಾರು ಹತ್ತು ಸಾವಿರ ಜನ ಆಟದ 77ನೇ ನಿಮಿಷಕ್ಕೆ ಎದ್ದು ಹೊರನಡೆದರು. ಬೆಲೆ ಇಳಿಯಿತು. 2021ರಲ್ಲಿ ಶ್ರೀಮಂತ ಕ್ಲಬ್ಬುಗಳು ತಮ್ಮದೇ ಬೇರೆ ಲೀಗು ಮಾಡಿಕೊಳ್ಳಲು ನೋಡಿದಾಗಲೂ ಬೆಂಬಲಿಗರು ಬೀದಿಗಿಳಿದು ಎರಡೇ ದಿನದಲ್ಲಿ ಇಂಗ್ಲೆಂಡಿನ ಕ್ಲಬ್ಬುಗಳನ್ನು ಹಿಂದಕ್ಕೆ ಎಳೆದರು.

2015ರಲ್ಲಿ ಕೆಂಪಿನವರೂ ನೀಲಿಯವರೂ ಕೂಡಿ ಒಂದು ಕೆಲಸ ಶುರು ಮಾಡಿದರು. ಪಂದ್ಯದ ದಿನ ಮೈದಾನದ ಹೊರಗೆ ನಿಂತು, ಆಟಕ್ಕೆ ಬರುವವರಿಂದ ಡಬ್ಬಿ ಆಹಾರ, ಕಾಳುಕಡ್ಡಿ, ಮಕ್ಕಳ ಹಾಲಿನಪುಡಿ ಎತ್ತಿ, ಒಲೆ ಹಚ್ಚಲಾಗದ ಮನೆಗಳಿಗೆ ಮುಟ್ಟಿಸುವುದು. ಜಗತ್ತಿನ ಶ್ರೀಮಂತ ಕ್ಲಬ್ಬುಗಳಲ್ಲಿ ಒಂದರ ಗೋಡೆಯ ಪಕ್ಕದ ಬೀದಿಗಳಲ್ಲೇ ಅಂಥ ಮನೆಗಳಿವೆ.